ಹಗ್ಗದೊಳಗಿನ ಹತ್ತು ಹೆಜ್ಜೆ

“ನೀವು ಕನ್ನಡದವ್ರಾ?”

ಹಲಸೂರಿನ ಮನೆ ಮಾಲೀಕರು ನನ್ನನ್ನು ಹೀಗೆ ಕೇಳುವ ಹೊತ್ತಿಗೆ ನಾನು ಅವರ ಮುಂದೆ ನಿಂತು ಹತ್ತು ನಿಮಿಷದಿಂದ ಮಾತಾಡುತ್ತಿದ್ದೆ, ಅದೂ ಕನ್ನಡದಲ್ಲಿಯೇ. ವಿಜಾಪುರದಿಂದ ಹದಿನಾಲ್ಕು ತಾಸು ಬಸ್ಸಿನಲ್ಲಿ ಕೂತು ಬಂದು, ಹಾಸಿಗೆ ಸುರುಳಿಯನ್ನು ಗೇಟಿನ ಹತ್ತಿರ ಇಳಿಸಿ, ಸೊಂಟ ಹಿಡಿದುಕೊಂಡು ನಿಂತವಳಿಗೆ ನಗುವಷ್ಟು ತ್ರಾಣವಿರಲಿಲ್ಲ. “ಹೌದ್ರಿ, ಕನ್ನಡದಾಕಿನ. ಯಾಕ್ರಿ?” ಎಂದೆ. “ಇಲ್ಲ, ನಿಮ್ ಮಾತು ಮರಾಠಿ ಥರ ಇತ್ತು, ಅದಕ್ಕೆ ಕೇಳ್ದೆ” ಎಂದರು. ಆಮೇಲೆ ಒಳಗೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ ಏನೋ ಹೇಳಿದರು. ಆಕೆ ಅದನ್ನೇ ಕೆಲಸದವಳಿಗೆ ತಮಿಳಿನಲ್ಲಿ ಹೇಳಿದರು. ಕೆಲಸದವಳು ಬಂದು ತಾರಸಿ ಮೇಲಿನ ಕೋಣೆಯ ಬೀಗ ತೆಗೆದಳು. ನಮ್ಮದೇ ರಾಜಧಾನಿಯಲ್ಲಿ ನನಗೊಂದು ಬಾಗಿಲು ತೆರೆದದ್ದು ಹೀಗೆ, ಮೂರು ಭಾಷೆ ಕೈ ಬದಲಾಯಿಸಿದ ಮೇಲೆ.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದಾಗಿನ ಮಾತು. ಊರ ಕಡೆಯವರಾದ ನೀವು ಸಿಕ್ಕಾಗಲೆಲ್ಲ “ಬೆಂಗಳೂರು ಹ್ಯಾಂಗೈತಿ?” ಎಂದು ಕೇಳುತ್ತೀರಿ. “ಬೇಷ್ ಐತಿ” ಎಂದು ಹೇಳಿ ನಾನು ಜಾರಿಕೊಳ್ಳುತ್ತ ಬಂದಿದ್ದೇನೆ. ಆ ಉತ್ತರ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಅದಕ್ಕೇ ಒಂದು ಓಟದ ಸುದ್ದಿ ಬರೆಯುತ್ತಿದ್ದೇನೆ. ಆ ಓಟದ ಬಗ್ಗೆ ನಮ್ಮ ಓಣಿಯಲ್ಲಿ ಒಂದು ನಮೂನೆಯ ಕಥೆ ಓಡಾಡುತ್ತದೆ, ಹಲಸೂರಿನಲ್ಲಿ ಇನ್ನೊಂದು ನಮೂನೆಯದು. ಎರಡೂ ಪೂರ್ತಿ ಖರೆಯಲ್ಲ.

ನನ್ನ ಕೆಲಸ ಇಂದಿರಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿತ್ತು. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆದರೆ ಖಾಲಿ ಹೊಟ್ಟೆಯ ಜನ ಸಾಲಾಗಿ ನಿಂತಿರುತ್ತಿದ್ದರು. ಒಬ್ಬೊಬ್ಬರ ತೋಳಿಗೂ ರಬ್ಬರ್ ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚಿ, ಸೀಸೆಗೆ ಹೆಸರು ಅಂಟಿಸುವುದು. ದಿನಕ್ಕೆ ಹತ್ತು ತಾಸು ನಿಂತೇ ಇರಬೇಕು. ನಮ್ಮ ಕಡೆ ರಕ್ತ ಕೊಡಲು ಬಂದವರು ಸೂಜಿ ಚುಚ್ಚುವ ಮೊದಲು ನನ್ನ ಅಡ್ಡಹೆಸರು, ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಕೇಳಿ ತಿಳಿದುಕೊಂಡೇ ತೋಳು ಚಾಚುತ್ತಿದ್ದರು. ಇಲ್ಲಿಯವರು ಮುಖ ಆ ಕಡೆ ತಿರುಗಿಸಿ ತೋಳು ಕೊಟ್ಟು, ಹತ್ತಿ ಒತ್ತಿಕೊಂಡು ಹೋಗಿಬಿಡುತ್ತಿದ್ದರು. ವರ್ಷಗಟ್ಟಲೆ ಬಂದವರ ನರ ನನಗೆ ಪರಿಚಯ, ಮುಖ ಪರಿಚಯವಿಲ್ಲ.

ಊಟದ ಕಥೆ ಬೇರೆ. ಊರಿಂದ ತಂದ ಜೋಳವನ್ನು ಹಲಸೂರು ಮಾರ್ಕೆಟ್ಟಿನ ಗಿರಣಿಗೆ ಒಯ್ದರೆ ಗಿರಣಿಯಾತ ಮುಷ್ಟಿಯಲ್ಲಿ ಹಿಡಿದು ನೋಡಿ, “ಏನ್ ಮೇಡಂ, ಹಸು ಕಟ್ಟಿದೀರಾ?” ಎಂದ. ನಾನು ತಿನ್ನಲಿಕ್ಕೆ ಎಂದಾಗ ಪಾಪ, ಅವನಿಗೇ ನಾಚಿಕೆಯಾಯಿತು. ಬೀಸಿ ಕೊಟ್ಟ, ಆದರೆ ಅದರಲ್ಲಿ ಹಿಂದಿನವರ ಮೆಣಸಿನಕಾಯಿ ಪುಡಿ ಬೆರೆತು ಬಂತು. ಎಂಟು ದಿನ ಕೆಂಪು ರೊಟ್ಟಿ ತಿಂದೆ. ಭಾನುವಾರಗಳಂತೂ ಬ್ಯಾಡೋ ಬ್ಯಾಡ. ತಾರಸಿಯ ಮೇಲೆ ಬಟ್ಟೆ ಒಣಹಾಕಿ ಕೂತರೆ ಸಂಜೆಯವರೆಗೂ ನನ್ನ ಬಾಯಿಂದ ಒಂದು ಮಾತು ಹೊರಗೆ ಬರುತ್ತಿರಲಿಲ್ಲ. ಅಳು ಬಂತೆಂದು ಹೇಳಿದರೆ ನಮ್ಮವ್ವ ಬಾ ಅಂದುಬಿಡುತ್ತಾಳೆಂದು ಅದನ್ನೂ ಫೋನಿನಲ್ಲಿ ಹೇಳುತ್ತಿರಲಿಲ್ಲ.

ಕಾಲೇಜಿನಲ್ಲಿ ನಾನು ಮೂರು ಸಾವಿರ ಮೀಟರ್ ಓಡುತ್ತಿದ್ದೆ. ಬಿರಾದಾರ ಸರ್ ಕಲಿಸಿದ ಓಟ. ಗುಮ್ಮಟದ ಹಿಂದಿನ ಕರಿಮಣ್ಣಿನ ದಾರಿಯಲ್ಲಿ ನಾನು ಓಡಿದರೆ ಎತ್ತಿನ ಗಾಡಿಯವರು ಗಾಬರಿಯಾಗಿ, “ಯಾಕವಾ, ಮನ್ಯಾಗ ಏನಾತು?” ಎಂದು ಕೇಳುತ್ತಿದ್ದರು. ಬೆಂಗಳೂರಿಗೆ ಬಂದ ನಾಲ್ಕನೇ ತಿಂಗಳು, ನಿದ್ದೆ ಬಾರದೆ ಎದ್ದ ಒಂದು ನಸುಕಿನಲ್ಲಿ, ಹಳೆಯ ಬೂಟು ಏರಿಸಿ ಹಲಸೂರು ಕೆರೆಯ ಸುತ್ತ ಓಡಿದೆ. ಹಾಲಿನವನು, ಪೇಪರಿನವನು, ಕಸ ಗುಡಿಸುವ ಹೆಂಗಸರು, ಯಾರೂ ಏನೂ ಕೇಳಲಿಲ್ಲ. ಮೊದಲ ಸುತ್ತಿಗೆ ಹಾಯೆನಿಸಿತು. ಎರಡನೆಯ ಸುತ್ತಿಗೆ ಯಾರಾದರೂ ಕೇಳಬಾರದೇ ಎನಿಸತೊಡಗಿತು.

ಮೂರನೆಯ ಸುತ್ತಿಗೆ ಒಬ್ಬರು ಕೇಳಿದರು. ಸೈಕಲ್ ಮೇಲೆ ಒಂದು ಕಾಲು ಊರಿ ನಿಂತ, ಕೊರಳಲ್ಲಿ ಸೀಟಿ ಹಾಕಿಕೊಂಡ ಮುದುಕರು. “ಏನಮ್ಮಾ, ದಿನಾ ಓಡ್ತೀಯಾ, ಇವತ್ತು ಮಾತ್ರನಾ?” ಅವರು ಮುನುಸ್ವಾಮಿ ಮಾಸ್ಟರ್. ಸೈನ್ಯದಲ್ಲಿದ್ದು ನಿವೃತ್ತಿಯಾಗಿ ಹಲಸೂರಿನಲ್ಲೇ ಹುಟ್ಟಿದ ಮನೆಗೆ ಮರಳಿದವರು. ಅವರ ಕ್ಲಬ್ಬು ಎಂದರೆ ಕಟ್ಟಡ ಗಿಟ್ಟಡವಲ್ಲ, ಆ ಸೈಕಲ್ಲು, ಆ ಸೀಟಿ ಮತ್ತು ಮೂವರು ಹುಡುಗಿಯರು. ದೊಮ್ಮಲೂರಿನ ಲತಾ, ತಮ್ಮ ಮನೆಯ ರಾಗಿ ಹೊಲ ರಿಂಗ್ ರೋಡಿಗೆ ಹೋದ ಮೇಲೆ ಓಡಲು ಸ್ಥಳವಿಲ್ಲದೆ ಕೆರೆಗೆ ಬಂದವಳು. ಶಿವಾಜಿನಗರದ ಶಮೀಮ್, ಅಪ್ಪನದು ಗುಂಡಿ, ಲೇಸಿನ ಅಂಗಡಿ, ತಲೆಗೆ ಬಿಗಿಯಾಗಿ ದುಪಟ್ಟಾ ಸುತ್ತಿಕೊಂಡು ಓಡುವಳು. ಮತ್ತು ಹಲಸೂರಿನ ಸ್ಟೆಲ್ಲಾ, ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ನಾಲ್ವರಲ್ಲೂ ಜೋರಾಗಿ ಓಡುವವಳು. ನಾಲ್ವರು ಎಂದು ಬರೆದುಬಿಟ್ಟೆ. ಮರುದಿನದಿಂದ ನಾಲ್ಕನೆಯವಳು ನಾನು.

“ಇವ್ಳು ಬರ್ತಾಳಾ ನಾಳೆ?” ಎಂದು ಮಾಸ್ಟರ್ ಅವತ್ತು ಅನುಮಾನಪಟ್ಟಾಗ ಲತಾ, “ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ, ಬಿಡಿ ಮಾಸ್ಟರ್” ಎಂದಳು. ನಾನು ನಿಜಕ್ಕೂ ನೀರಿನ ದಂಡೆಗೇ ಬಂದಿದ್ದೆನಾದ್ದರಿಂದ ಎಲ್ಲರೂ ನಕ್ಕೆವು.

ಮಾಸ್ಟರ್ ಬಾಯಲ್ಲಿ ಯಾವಾಗಲೂ ಇದ್ದದ್ದು ‘ಮೆದುವಾ’ ಎಂಬ ಶಬ್ದ. ತಮಿಳಿನಲ್ಲಿ ಮೆಲ್ಲಗೆ ಎಂದರ್ಥ. ಓಡಲು ಕಲಿಸುವವರು ಮೆಲ್ಲಗೆ ಎಂದು ಕೂಗುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಬಿರಾದಾರ ಸರ್ ಅಂತೂ ಸೀಟಿ ಊದಿದ ಗಳಿಗೆಯಿಂದ “ಓಡು, ಓಡು, ಸತ್ತರ ನಾ ಹೊಣಿ” ಎನ್ನುತ್ತಿದ್ದರು. ಶಮೀಮಳ ಮಾತು ಮಾತ್ರ ನನಗೆ ಮೊದಲ ದಿನದಿಂದಲೂ ಸಲೀಸು. ಸುಸ್ತಾದಾಗ ಅವಳು “ನಕ್ಕೋ ಮಾಸ್ಟರ್, ಬಸ್” ಎನ್ನುತ್ತಿದ್ದಳು, ಅಂದರೆ ಒಲ್ಲೆ. ನಮ್ಮೂರ ಬಾಗವಾನರ ಮನೆಗಳಲ್ಲಿ ಕೇಳಿ ಬೆಳೆದ ಅದೇ ‘ನಕ್ಕೋ’. ಬೆಂಗಳೂರಿನಲ್ಲಿ ನನಗೆ ಮೊದಲು ಊರಿನ ವಾಸನೆ ಬಂದದ್ದು ಇಲ್ಲಿಯ ಕನ್ನಡದಿಂದಲ್ಲ, ಶಮೀಮಳ ದಖ್ಖನಿಯಿಂದ.

ಲತಾಳ ಮನೆಯಲ್ಲಿ ಮುದ್ದೆ ನುಂಗುವುದನ್ನು ಕಲಿತೆ. ಅಗಿದರೆ ಅವರಜ್ಜಿ ಬೈಯುತ್ತಿದ್ದರು. ಶಮೀಮಳ ಅಂಗಡಿಯಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಕುಡಿದೆ. ಸ್ಟೆಲ್ಲಾಳ ಅಮ್ಮ ನನಗೆ ಜ್ವರ ಬಂದಾಗ ಮೂರು ದಿನ ರಸ, ಅನ್ನ ಕಳಿಸಿದರು. ಇವೆಲ್ಲ ಸಣ್ಣ ಸಂಗತಿಗಳು. ಆದರೆ ಲ್ಯಾಬಿನಿಂದ ಕಾಲು ಊದಿಸಿಕೊಂಡು ಬಂದು ಮಲಗುವಾಗ ನಾಳೆ ನಸುಕಿಗೆ ನನ್ನ ದಾರಿ ಕಾಯುವವರು ನಾಲ್ಕು ಜನ ಇದ್ದಾರೆ ಎಂಬ ಒಂದೇ ಧೈರ್ಯಕ್ಕೆ ನನಗೆ ನಿದ್ದೆ ಬರುತ್ತಿತ್ತು.

ಚಳಿಗಾಲದಲ್ಲಿ ರಾಜ್ಯಮಟ್ಟದ ಕ್ರಾಸ್ ಕಂಟ್ರಿ ಓಟ ನಡೆಯುತ್ತದೆ. ಮೈದಾನದ ಸುತ್ತ ಓಡುವುದಲ್ಲ. ಕೆರೆಯಂಗಳ, ತೋಪು, ಏರಿ, ಕೆಸರು ಎಲ್ಲ ದಾಟಿ ಆರು ಕಿಲೋಮೀಟರ್ ಓಡಬೇಕು. ಜಿಲ್ಲೆಗಳ ತಂಡಗಳೂ ಕ್ಲಬ್ಬುಗಳ ತಂಡಗಳೂ ಒಟ್ಟಿಗೆ ಓಡುತ್ತವೆ. ತಂಡಕ್ಕೆ ನಾಲ್ವರು. ನಾಲ್ವರೂ ಎಷ್ಟನೆಯವರಾಗಿ ಬಂದರೋ ಆ ಅಂಕಿಗಳನ್ನು ಕೂಡಿಸುತ್ತಾರೆ, ಮೊತ್ತ ಕಡಿಮೆ ಬಂದ ತಂಡ ಮೇಲೆ. ಮೊದಲ ಮೂರು ತಂಡಗಳಿಗೆ ಪದಕ. ಆದ್ದರಿಂದ ಎಲ್ಲರಿಗಿಂತ ಹಿಂದೆ ಓಡುವ ನಾಲ್ಕನೆಯವಳು ಒಬ್ಬಳನ್ನು ದಾಟಿದರೂ ಲೆಕ್ಕ, ಒಬ್ಬಳಿಗೆ ದಾರಿ ಬಿಟ್ಟರೂ ಲೆಕ್ಕ.

ಆ ವರ್ಷ ಪದಕ ಬೇಕಾಗಿದ್ದದ್ದು ಸ್ಟೆಲ್ಲಾಗೆ. ಆಟಗಾರರ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ರಾಜ್ಯಮಟ್ಟದ ಪದಕದ ಪ್ರಮಾಣಪತ್ರ ಇರಲೇಬೇಕು, ಒಬ್ಬಳೇ ಗೆದ್ದದ್ದಾದರೂ ಸರಿ, ತಂಡದ್ದಾದರೂ ಸರಿ. ಒಬ್ಬಳೇ ಗೆಲ್ಲುವಷ್ಟು ಓಟ ಅವಳಲ್ಲಿರಲಿಲ್ಲ; ಪ್ರತಿ ವರ್ಷವೂ ಐದನೆಯವಳೋ ಆರನೆಯವಳೋ ಆಗುತ್ತಿದ್ದಳು. ಹಿಂದಿನ ಎರಡು ವರ್ಷ ನಾಲ್ಕನೆಯ ಹುಡುಗಿ ಸಿಗದೆ ತಂಡವೇ ಆಗಿರಲಿಲ್ಲ. ಮುಂದಿನ ಮಾರ್ಚಿಗೆ ಅವಳ ವಯಸ್ಸು ಮೀರುತ್ತಿತ್ತು. “ಈ ಸಲ ಆಗ್ಲಿಲ್ಲಾಂದ್ರೆ ಲೈಫೆಲ್ಲಾ ಕಾಲರ್ರೇ ಅಕ್ಕಾ” ಎಂದು ಒಮ್ಮೆ ಮಾತ್ರ ಹೇಳಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಓಟದ ಹಿಂದಿನ ದಿನ ಮಾಸ್ಟರ್ ನಮ್ಮನ್ನು ಕೂರಿಸಿ, ಕೆರೆ ದಂಡೆಯ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. “ಇದು ಫಿನಿಶ್ ಲೈನು. ಆದ್ಮೇಲೆ ಎರಡು ಕಡೆ ಹಗ್ಗ ಕಟ್ಟಿರ್ತಾರೆ, ಓಣಿ ಥರ. ಓಣಿ ಕೊನೇಲಿ ಚೀಟಿ ಕೊಡ್ತಾರೆ. ಚೀಟೀಲಿ ಯಾವ ನಂಬರ್ ಇರುತ್ತೋ ಅದೇ ನಿಮ್ ಪ್ಲೇಸು. ಹಗ್ಗದೊಳಗೆ ಸತ್ರೂ ಲೈನ್ ಬಿಡ್ಬೇಡಿ.” ನಾನು ತಲೆಯಾಡಿಸಿದೆ. ಓಟ ಮುಗಿದ ಮೇಲೆ ಲೈನು ಹಿಡಿದು ನಿಲ್ಲುವುದಕ್ಕೆ ಇಷ್ಟೊಂದು ಹೇಳಬೇಕೇ, ಎಷ್ಟಾದರೂ ಮಿಲಿಟರಿಯವರು ಎಂದುಕೊಂಡೆ. ನಮ್ಮ ಕಾಲೇಜಿನ ಓಟಗಳಲ್ಲಿ ಗೆರೆ ದಾಟಿದವರ ಎದೆಯ ನಂಬರನ್ನು ಅಲ್ಲೇ ಬರೆದುಕೊಳ್ಳುತ್ತಿದ್ದರು. ದಾಟಿದ ಮೇಲೆ ಬಿದ್ದವರನ್ನು ಎಬ್ಬಿಸುವುದು, ನೀರು ಕುಡಿಸುವುದು, ಅದೇ ನಮಗೆ ಗೊತ್ತಿದ್ದ ರಿವಾಜು.

ಓಟ ಹೊರಮಾವಿನ ಆಚೆಯ ಕೆರೆಯಂಗಳದಲ್ಲಿ. ಆಗ ಅಲ್ಲಿ ಇನ್ನೂ ನೀಲಗಿರಿ ತೋಪುಗಳಿದ್ದವು. ಭಾನುವಾರ ಬೆಳಿಗ್ಗೆ ಮಾಸ್ಟರರ ಸೈಕಲ್ಲನ್ನೂ ಹೇರಿಕೊಂಡು ಬಾಣಸವಾಡಿ ದಾಟಿ ಟೆಂಪೋದಲ್ಲಿ ಹೋದೆವು. ನಮ್ಮ ಕಡೆಯ ಚಳಿ ಎಂದರೆ ಒಣ ಚಳಿ, ಬಿಸಿಲಿಗೆ ಬಂದು ನಿಂತರೆ ಬಿಟ್ಟುಹೋಗುತ್ತದೆ. ಬೆಂಗಳೂರಿನ ಚಳಿ ಒದ್ದೆ ಬಟ್ಟೆ ಉಟ್ಟಂತೆ ಮೈಗೆ ಅಂಟಿಕೊಳ್ಳುತ್ತದೆ, ಬಿಸಿಲೂ ಬರುವುದಿಲ್ಲ. ಹಿಂದಿನ ದಿನ ಲ್ಯಾಬಿನಲ್ಲಿ ಜನವೋ ಜನ, ನನ್ನ ಮೀನಖಂಡ ಆಗಲೇ ಕಲ್ಲಾಗಿತ್ತು. ಟೆಂಪೋದಿಂದ ಇಳಿಯುವಾಗಲೇ ವಾಪಸ್ ಹೋಗಿ ಮಲಗಬೇಕು ಅನಿಸಿತ್ತು.

ಇಳಿದರೆ ಎದುರಿಗೆ ಬಿರಾದಾರ ಸರ್. ವಿಜಾಪುರ ಜಿಲ್ಲೆಯ ತಂಡ ತಂದಿದ್ದರು. “ಏ, ಇಲ್ಲೇ ಅದಾಳಲ್ಲ ನಮ್ಮ ಹುಡುಗಿ” ಎಂದು ಅಷ್ಟು ಜನರ ನಡುವೆ ನನ್ನ ತಲೆ ಮೇಲೆ ಕೈಯಿಟ್ಟರು. ಎರಡು ನಿಮಿಷ ನಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆಯಿತು. ಅವರ ಹಿಂದೆ ಹಳದಿ ಬನಿಯನ್ ತೊಟ್ಟು ನಿಂತಿದ್ದವಳು ರೇಣುಕಾ, ನಮ್ಮ ಓಣಿಯ ಕೊನೆಯ ಮನೆಯ ಹುಡುಗಿ. ನಾನು ಊರು ಬಿಡುವಾಗ ಎರಡು ಜಡೆ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದವಳು.

“ಅಕ್ಕಾ, ಎದಿ ಧಸಕ್ ಅನ್ನಾಕತ್ತೈತಿ” ಎಂದು ನನ್ನ ಕೈ ಹಿಡಿದಳು.

“ಯಾಕವಾ, ಓಟಾನ ಅಲ್ಲೇನು, ಓಡಿದ್ರಾತು.”

“ಹಂಗಲ್ಲಕ್ಕಾ. ಈ ಸಲ ಪದಕ ತಂದ್ರ ಧಾರವಾಡಕ್ಕ ಕಳಸ್ತೀನಿ, ಆಟದ ಕೋರ್ಸ್ ಓದು ಅಂದಾನ ಅಪ್ಪಾ. ಇಲ್ಲಂದ್ರ ಚೈತ್ರದಾಗ ಅಕ್ಕಿಕಾಳು ಹಾಕೂದು ಅಂದಾನ. ಹುಡುಗನ್ನ ನೋಡಿ ಇಟ್ಟಾರ.”

“ಆಗ್ತೈತಿ, ಓಡು” ಎಂದೆ. ಅತ್ತ ತಿರುಗಿದರೆ ಸ್ಟೆಲ್ಲಾ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು, ಅದನ್ನೇ ಮೂರು ಸಲ.

ಎರಡು ಕಿಲೋಮೀಟರಿನ ಸುತ್ತು, ಮೂರು ಸಲ. ಮೊದಲ ಸುತ್ತಿನಲ್ಲೇ ನಮ್ಮವರು ಮೂವರೂ ಮುಂದೆ ಹೋದರು. ನಾನು ಹಿಂದಿನ ಗುಂಪಿನಲ್ಲಿ ಕೆಸರು ತುಳಿಯುತ್ತ ಉಳಿದೆ. ಕರಿಮಣ್ಣು ಬೂಟಿಗೆ ಹತ್ತಿದರೆ ಬಿಡುವುದಿಲ್ಲ. ಇಲ್ಲಿಯ ಕೆಂಪುಮಣ್ಣು ಹತ್ತುವುದಿಲ್ಲ, ಜಾರಿಸುತ್ತದೆ. ಎರಡು ಸಲ ಅಂಗೈ ಊರಿದೆ. ತೋಪಿನ ಬೇರುಗಳ ಮೇಲೆ ಎಡಗಾಲು ಹೊರಳಿತು. ಮೂರನೆಯ ಸುತ್ತಿನ ನಡುವಿಗೆ ಬಂದಾಗ ನಿಂತುಬಿಡೋಣ ಎಂದು ಖಂಡಿತವಾಗಿ ನಿಶ್ಚಯಿಸಿದ್ದೆ. ನಿಲ್ಲದೇ ಇದ್ದದ್ದು ಧೈರ್ಯದಿಂದಲ್ಲ, ನಿಂತರೆ ಅಲ್ಲಿಂದ ವಾಪಸ್ ನಡೆದು ಹೋಗುವುದೂ ಅಷ್ಟೇ ದೂರವಿತ್ತು.

ಆ ಸುತ್ತಿನ ಏರಿ ಹತ್ತುವಾಗ ಮಾಸ್ಟರ್ ಕಂಡರು. ಸೈಕಲ್ಲು ಎಲ್ಲೋ ಎಸೆದು ಓಡಿ ಬರುತ್ತಿದ್ದರು. ಈ ಸಲ ಮೆದುವಾ ಎನ್ನಲಿಲ್ಲ. “ಆ ಹಳದಿ ಬನಿಯನ್ ಹಿಡಿಯಮ್ಮಾ. ಲೆಕ್ಕ ಸರಿಸಮ ಇದೆ. ಅವ್ಳನ್ನ ಹಿಡುದ್ರೆ ಸ್ಟೆಲ್ಲಾಗೆ ಸಿಕ್ತು, ಬಿಟ್ರೆ ಹೋಯ್ತು.”

ಹಳದಿ ಬನಿಯನ್ ಮೂವತ್ತು ಮಾರು ಮುಂದಿತ್ತು. ಬೆನ್ನಿನ ಮೇಲೆ ಜಡೆ ಹೊಡೆದುಕೊಳ್ಳುತ್ತಿತ್ತು.

ಏರಿಯ ಆ ತುದಿಯಲ್ಲಿ ಬಿರಾದಾರ ಸರ್ ನಿಂತಿದ್ದರು. “ಹಿಂದ ನೋಡಬ್ಯಾಡ. ಓಡು, ಓಡು, ಸತ್ತರ ನಾ ಹೊಣಿ” ಎಂದು ಕೂಗುತ್ತಿದ್ದರು. ಆ ದನಿಗೆ ಓಡುವುದನ್ನು ಆರು ವರ್ಷ ಕಲಿತವಳು ನಾನು. ಅವರು ಕೂಗಿದ್ದು ರೇಣುಕಾಳಿಗೆ, ಎದ್ದು ಬಂದದ್ದು ನನ್ನ ಕಾಲು. ಹಲ್ಲು ಕಚ್ಚಿ ಓಡಿದೆ. ಜೀವ ಬಾಯಿಗೆ ಬಂದಿತ್ತು, ಕಣ್ಣಿಗೆ ಆ ಜಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಗೆರೆಗೆ ನಾಲ್ಕು ಹೆಜ್ಜೆ ಇರುವಾಗ ಅವಳ ಹೆಗಲಿಗೆ ನನ್ನ ಹೆಗಲು ಬಂತು, ಗೆರೆಯ ಮೇಲೆ ಅವಳಿಗಿಂತ ಅರ್ಧ ಮೊಳ ಮುಂದಿದ್ದೆ. ನನಗದು ಚೆನ್ನಾಗಿ ಗೊತ್ತು.

ಆಮೇಲೆ ಹಗ್ಗದ ಓಣಿ. ಹತ್ತು ಹೆಜ್ಜೆಯಷ್ಟು ಉದ್ದ, ಕೊನೆಯಲ್ಲಿ ಚೀಟಿ ಕೊಡುವ ಹೆಂಗಸು, ಅವಳ ಹಿಂದೆ ನೀರಿನ ಡ್ರಮ್ಮು. ಹಿಂದಿನಿಂದ ರೇಣುಕಾ ನನ್ನ ಬೆನ್ನ ಮೇಲೆ ಕುಸಿದಳು. ತಿರುಗಿ ನೋಡಿದರೆ ತುಟಿ ಬಿಳಿಚಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. “ಬಾ ಅವ್ವೀ, ಇಕಾ ನೀರು, ಇಲ್ಲೇ ಐತಿ” ಎಂದು ಅವಳ ಕಂಕುಳಿಗೆ ಕೈ ಹಾಕಿ ಎತ್ತಿ, ನನ್ನ ಮುಂದಕ್ಕೆ ತಂದುಕೊಂಡು, ಬೆನ್ನಿಗೆ ಕೈಯಿಟ್ಟು ನೀರಿನ ಕಡೆ ದಬ್ಬಿದೆ. ಆ ಗಳಿಗೆಯಲ್ಲಿ ಸ್ಟೆಲ್ಲಾ, ಮಾಸ್ಟರ್, ಪದಕ ಒಂದೂ ನೆನಪಿರಲಿಲ್ಲ. ನಮ್ಮ ಓಣಿಯ ಹುಡುಗಿ ಬೀಳುತ್ತಿದ್ದಳು, ಅಷ್ಟೇ. ಚೀಟಿಯ ಹೆಂಗಸು ರೇಣುಕಾಳ ಕೈಗೆ ಇಪ್ಪತ್ತೆರಡು ಇಟ್ಟಳು, ನನ್ನ ಕೈಗೆ ಇಪ್ಪತ್ಮೂರು. ನಾನು ಅದನ್ನು ಓದಿಯೂ ನೋಡದೆ ಬನಿಯನ್ನಿನೊಳಗೆ ತುರುಕಿಕೊಂಡು ಅವಳಿಗೆ ನೀರು ಕುಡಿಸಲು ಹೋದೆ.

ಫಲಿತಾಂಶವನ್ನು ಮೈಕಿನಲ್ಲಿ ಓದಿದರು. ಎರಡೂ ತಂಡದ ಮೊದಲ ಮೂವರ ಅಂಕಿ ಕೂಡಿಸಿದರೆ ಮೂವತ್ತೇ ಆಗಿತ್ತು. ಅದಕ್ಕೆ ಇಪ್ಪತ್ತೆರಡು ಸೇರಿ ವಿಜಾಪುರ ಮೂರನೆಯ ಸ್ಥಾನ. ಇಪ್ಪತ್ಮೂರು ಸೇರಿ ನಾವು ನಾಲ್ಕನೆಯ ಸ್ಥಾನ.

ಹಳದಿ ಬನಿಯನ್ನಿನವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ರೇಣುಕಾ ಬಿರಾದಾರ ಸರ್ ಕಾಲಿಗೆ ಬಿದ್ದಳು. ಸ್ಟೆಲ್ಲಾ ಮಣ್ಣಿನಲ್ಲಿ ಕೂತು ಬೂಟು ಬಿಚ್ಚತೊಡಗಿದಳು. ನಾನು ಚೀಟಿ ತೆಗೆದು ನೋಡಿದೆ. ಬೆವರಿಗೆ ಮೆತ್ತಗಾಗಿದ್ದರೂ ಅಂಕಿ ಸ್ಪಷ್ಟವಿತ್ತು.

“ನೀನು ಅವ್ಳಿಗಿಂತ ಮುಂದೆ ಬಂದೆ, ನಾನ್ ನೋಡ್ದೆ” ಎಂದಳು ಲತಾ. “ಆಮೇಲೆ ಹಗ್ಗದೊಳಗೆ ಅವ್ಳನ್ನ ಮುಂದೆ ಬಿಟ್ಟೆ. ಬೇಕಂತ ಮಾಡಿದ್ಯಾ? ನಿಮ್ಮೂರೋಳು ಅಂತನಾ?”

“ಅರೇ ಚುಪ್, ಲತಾ” ಎಂದಳು ಶಮೀಮ್. ಆದರೆ ಅವಳೂ ನನ್ನ ಮುಖ ನೋಡಲಿಲ್ಲ.

ಮಾಸ್ಟರ್ ಬೈಯಲಿಲ್ಲ. “ನಾನ್ ಹೇಳಿದ್ದೆ ಅಲ್ವಾಮ್ಮಾ” ಎಂದರು, ಸೋತ ದನಿಯಲ್ಲಿ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಒಂದು ಹಾಳೆಯ ಮೇಲೆ ತಕರಾರು ಬರೆದು ಅಂಪೈರರ ಮೇಜಿಗೆ ಒಯ್ದರು.

ಅಂಪೈರ್ ಕನ್ನಡಕ ಹಾಕಿದ್ದ ಹಿರಿಯ ಹೆಂಗಸು. ಗೆರೆಯ ಹತ್ತಿರ ನಿಂತವರನ್ನು ಕೇಳಿದರು. ಇಬ್ಬರೂ ಒಟ್ಟಿಗೇ ಬಂದಂತಿತ್ತು, ಗಡಿಯಾರದಲ್ಲಿ ಒಂದೇ ವೇಳೆ ಎಂದರು ಅವರು. ಆಕೆ ನಮ್ಮಿಬ್ಬರನ್ನೂ ಕರೆಸಿದರು. ಈ ಕಡೆ ಮಾಸ್ಟರ್, ಆ ಕಡೆ ಬಿರಾದಾರ ಸರ್, ನಡುವೆ ನಾವು.

“ನೋಡಿ, ನಿಮ್ಮಿಬ್ರಿಗೆ ಗೊತ್ತಿರುತ್ತೆ. ಗೆರೆ ಯಾರು ಮೊದ್ಲು ದಾಟಿದ್ದು?”

ರೇಣುಕಾ ನನ್ನನ್ನು ನೋಡಿದಳು. ಆಗಷ್ಟೇ ತಲೆ ಬಾಚಿಕೊಂಡಿದ್ದಳು, ಪದಕ ಹಾಕಿಸಿಕೊಳ್ಳಲು. “ನಂಗ ಎಚ್ಚರ ಇರ್ಲಿಲ್ರಿ ಮೇಡಂ. ಅಕ್ಕಾ ಹೇಳಿದ್ದ ಖರೇ” ಎಂದಳು.

ಇತ್ತ ದರಿ ಅತ್ತ ಪುಲಿ ಎನ್ನುತ್ತಾರಲ್ಲ. ಧಾರವಾಡದ ಆಸೆ ಹೊತ್ತ ಹುಡುಗಿ ಎದುರಿಗೆ, ಕಾಲರ್ ಹೊಲಿಯುವವಳು ದೂರದ ಮಣ್ಣಿನಲ್ಲಿ ಬೆನ್ನು ತಿರುಗಿಸಿ. ಸ್ಟೆಲ್ಲಾ ಒಮ್ಮೆಯೂ ಈ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

“ನಾನ ಮುಂದಿದ್ದೆ ರೀ” ಎಂದೆ.

ಅಂಪೈರ್ ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಹೇಳಿದೆ. ಆಕೆ ಕನ್ನಡಕ ಸರಿಸಿಕೊಂಡು ಎರಡು ಅಂಕಿಗಳನ್ನು ಹೊಡೆದುಹಾಕಿ ಬದಲಿಸಿದರು. ಮೈಕಿನಲ್ಲಿ ಮತ್ತೆ ಓದಿದರು. ಬಿರಾದಾರ ಸರ್ ವಾದ ಮಾಡಲಿಲ್ಲ. ಹೋಗುವ ಮೊದಲು ಒಂದು ಬಟ್ಟೆಯ ಗಂಟು ತಂದು ನನ್ನ ಕೈಗಿತ್ತು, “ನಿಮ್ಮವ್ವ ರೊಟ್ಟಿ ಕೊಟ್ಟಾಳ” ಎಂದರು. ಅಷ್ಟೇ ಹೇಳಿ ತಂಡದ ಕಡೆ ಹೊರಟರು. ಕೈ ಈ ಸಲ ನನ್ನ ತಲೆಯ ಮೇಲೆ ಬರಲಿಲ್ಲ.

ನಾನು ಸತ್ಯ ಹೇಳಿದೆ ಎಂದು ಅವತ್ತು ಬಹಳ ಜನ ಹೊಗಳಿದರು. ಹೊಗಳಿಸಿಕೊಳ್ಳಲು ನನಗೆ ಸಂಕೋಚವಾಗುವುದಕ್ಕೆ ಕಾರಣವಿದೆ. ಹೇಳಿದ್ದು ಸತ್ಯವೇ, ಸುಳ್ಳಲ್ಲ. ಆದರೆ ಬಾಯಿ ತೆರೆಯುವ ಮುಂಚೆ ನನ್ನ ಮನಸ್ಸಿಗೆ ಬಂದದ್ದು ಸತ್ಯವಲ್ಲ, ಮರುದಿನದ ನಸುಕು. ಕೆರೆ ದಂಡೆಗೆ ನಾನು ಹೋದಾಗ ಅವರು ಮೂವರೂ ನನ್ನನ್ನು ಬಿಟ್ಟು ಓಡಿಹೋಗುತ್ತಾರೆ, ಮತ್ತೆ ಆ ಭಾನುವಾರಗಳು ಶುರುವಾಗುತ್ತವೆ ಎಂಬ ಹೆದರಿಕೆ. ರೇಣುಕಾಳಿಗೆ ಓಣಿ ಇದೆ, ಊರಿದೆ, ನನಗೆ ಇವರು ನಾಲ್ವರೇ ಇರುವುದು ಎಂದು ನಾನು ಅಲ್ಲಿ ನಿಂತೇ ತೂಗಿ ನೋಡಿದ್ದೆ. ಸತ್ಯ ನನ್ನ ಕಡೆಗಿದ್ದದ್ದು ಅವತ್ತಿನ ನನ್ನ ಪುಣ್ಯ. ಅದು ಆ ಕಡೆಗಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಶಮೀಮಳ ಮನೆಯಲ್ಲಿ ಊಟ. ಸ್ಟೆಲ್ಲಾ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಲತಾ ನನ್ನ ತಾಯಿಯ ಸಜ್ಜೆ ರೊಟ್ಟಿ ಮುರಿದು ಬಾಯಿಗಿಟ್ಟು, “ಏನ್ ಗುರು ಇದು, ಹಪ್ಪಳನಾ?” ಎಂದು ನಗಿಸಿದಳು. ಆಮೇಲೆ, “ಬೆಳಿಗ್ಗೆ ಅಂದಿದ್ದು ಮನಸಿಗೆ ಹಚ್ಕೋಬೇಡ. ಇನ್ಮೇಲೆ ನೀನು ನಮ್ಮೂರೋಳೇ” ಎಂದಳು. ಬೆಂಗಳೂರಿಗೆ ಬಂದಾಗಿನಿಂದ ನಾನು ಕಾದಿದ್ದ ಮಾತು ಅದು. ಅವಳು ಹೇಳಿದಾಗ ನಾನು ಉಳಿದ ರೊಟ್ಟಿಗಳನ್ನು ಅವ್ವನ ಬಟ್ಟೆಯಲ್ಲಿ ಮತ್ತೆ ಗಂಟು ಕಟ್ಟುತ್ತಿದ್ದೆ.

ಸ್ಟೆಲ್ಲಾಗೆ ಕೆಲಸವಾಯಿತು. ದೂರದ ಊರಿಗೆ ಹಾಕಿದರು, ಅಮ್ಮನನ್ನೂ ಕರೆದುಕೊಂಡು ಹೋದಳು. ಶಮೀಮಳಿಗೆ ಮದುವೆಯಾಯಿತು. ಲತಾ ದೊಮ್ಮಲೂರಿನ ಮನೆಯ ಮೇಲೆ ಮಹಡಿ ಕಟ್ಟಿಸುವ ಗಡಿಬಿಡಿಯಲ್ಲಿ ಓಟ ಬಿಟ್ಟಳು. ಯಾರನ್ನು ಕಳೆದುಕೊಳ್ಳಬಾರದೆಂದು ಹೆದರಿದ್ದೆನೋ ಅವರೆಲ್ಲ ಎರಡೇ ವರ್ಷದಲ್ಲಿ ತಮ್ಮ ತಮ್ಮ ದಾರಿ ಹಿಡಿದರು, ಯಾರದೂ ತಪ್ಪಿಲ್ಲ. ನಾನು ಬಾಣಸವಾಡಿಗೆ ಮನೆ ಬದಲಿಸಿದೆ. ನಾವು ಓಡಿದ ಹೊರಮಾವಿನ ತೋಪಿನಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ, ಅಲ್ಲಿಯ ಎಷ್ಟೋ ಮನೆಗಳಿಗೆ ರಕ್ತ ತೆಗೆಯಲು ನಾನೇ ಹೋಗುತ್ತೇನೆ.

ಓಟವಾದ ಮೂರನೆಯ ವರ್ಷ ಊರಿಗೆ ಹೋದಾಗ ರೇಣುಕಾಳ ಗಂಡನ ಮನೆಗೆ ಹೋದೆ. ಹೋಗಬೇಡ ಎಂದಿದ್ದಳು ಅವ್ವ. ಊರಲ್ಲೇ ಕೊಟ್ಟಿದ್ದರು, ಹುಡುಗ ಒಳ್ಳೆಯವನೇ, ಗೊಬ್ಬರದ ಅಂಗಡಿ ಇತ್ತು. ಹಿಟ್ಟು ನಾದುತ್ತಿದ್ದವಳು ಕೈ ತೊಳೆದುಕೊಂಡು ಬಂದು ಚಹಾ ಕೊಟ್ಟಳು. ನನ್ನ ಕೆಲಸ, ನನ್ನ ಮನೆ, ಬೆಂಗಳೂರಿನ ಚಳಿ ಎಲ್ಲ ಕೇಳಿದಳು. ನಾನೇ ಆ ಮಾತೆತ್ತಿದೆ. ತಪ್ಪಾಯಿತು ಎಂದು ಹೇಳಲು ಹೋದವಳಿಗೆ ಯಾವುದಕ್ಕೆ ತಪ್ಪಾಯಿತು ಅನ್ನಬೇಕೋ ತಿಳಿಯದೆ ತಡವರಿಸಿದೆ.

“ನಂಗ ಸಿಟ್ಟಿಲ್ಲಕ್ಕಾ” ಎಂದಳು ರೇಣುಕಾ. “ನೀ ಮುಂದ ಓಡಿದಿ, ಅದಕ್ಕ ಸಿಟ್ಟಿಲ್ಲ. ಖರೇ ಹೇಳಿದಿ, ಅದಕ್ಕೂ ಇಲ್ಲ. ಆದರ ಆ ಹಗ್ಗದಾಗ ನನ್ನ ಯಾಕ ಮುಂದ ದಬ್ಬಿದಿ? ದಬ್ಬಲಿಲ್ಲಂದ್ರ ನಾಕನೇ ನಂಬರ್ ಬಂದೇನಿ ಅಂತ ಸುಮ್ಮನ ಮನಿಗೆ ಬರ್ತಿದ್ದೆ. ಅರ್ಧಾ ತಾಸು ನಾ ಧಾರವಾಡದಾಗ ಇದ್ದೆ ನೋಡು.”

ದಬ್ಬಿದಾಕಿ ವಿಜಾಪುರದಾಕಿ, ಕಸಗೊಂಡಾಕಿ ಬೆಂಗಳೂರಾಕಿ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಅವಳ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದವಳು ನಾನೊಬ್ಬಳೇ ಇದ್ದೆ.